‘ಎಲ್ಲ ಮೊಬೈಲಂಗೇ ಇತ್ತ್’ ಎನ್ನುವವರಿಗೆ

ತಾಳಮದ್ದಲೆ ಕೇಳಿ ಬೆಳೆದ ಸೀಮೆ ನಮ್ಮದು. ಎದುರಿನ ಅರ್ಥಧಾರಿ ಆಡಿದ ಮಾತನ್ನು ಮೊದಲು ಅವನದೇ ಧಾಟಿಯಲ್ಲಿ ಒಪ್ಪಿಸಿ, ಆಮೇಲೆ ಎಳೆ ಎಳೆಯಾಗಿ ಬಿಡಿಸುವುದು ಇಲ್ಲಿನ ಕ್ರಮ. ಎದುರಾಳಿಯ ಮಾತು ಕೇಳಿಸಿಕೊಳ್ಳದೆ ಕೂಗಾಡಿದವನಿಗೆ ಸಭೆಯಲ್ಲಿ ಬೆಲೆಯಿಲ್ಲ. ನಾನೂ ಆ ಕ್ರಮ ಬಿಡುವುದಿಲ್ಲ. ಪಂಚಾತಿಕೆ ಓದುಗರದು.

ವಿಷಯ ಇಷ್ಟೇ. ಕುಂದಾಪುರದ ಆಸುಪಾಸಿನ ಒಂದು ಕಾಲೇಜಿನವರು (ಹೆಸರು ಬೇಡ, ನನಗೆ ಜಗಳ ಇರುವುದು ವಾದದ ಜತೆ) ತಮ್ಮ ಗ್ರಂಥಾಲಯದ ಹಳೆಯ ಪರಾಮರ್ಶನ ಕೋಣೆಯನ್ನು ತೆರವು ಮಾಡಿ ಅಲ್ಲಿ ಇಪ್ಪತ್ತು ಕಂಪ್ಯೂಟರ್ ಇಡಲು ಹೊರಟಿದ್ದಾರೆ. ಅದಕ್ಕೊಂದು ಸಮಿತಿ ಕೂತು ಟಿಪ್ಪಣಿ ತಯಾರಿಸಿದೆ. ಸಂಶೋಧಕರು ಆಕರಗಳನ್ನು ಹೇಗೆ ಹುಡುಕುತ್ತಾರೆ, ಹೇಗೆ ಬಳಸುತ್ತಾರೆ ಎಂಬ ಬಗ್ಗೆ ಅದರಲ್ಲಿ ಆರು ಅಪ್ಪಣೆಗಳಿವೆ. ಮೂವತ್ತು ವರ್ಷ ಗ್ರಂಥಾಲಯದ ಮೇಜಿನ ಹಿಂದೆ ಕೂತವನು ನಾನು. ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಅದಕ್ಕೇ ಕೊಡುತ್ತಿದ್ದೇನೆ.

ಒಂದನೆಯ ಅಪ್ಪಣೆ: “ಸಂಶೋಧಕರಿಗೆ ಬೇಕಾದ ಸಮಸ್ತ ಆಕರಗಳೂ ಅಂತರ್ಜಾಲದಲ್ಲಿ ಲಭ್ಯ.” ಇದು ಟಿಪ್ಪಣಿಯ ಭಾಷೆ. ಚಾ ಕುಡಿಯುವಾಗ ಅದೇ ಮಾತು ಇನ್ನೂ ನೇರವಾಗಿ ಬಂತು: “ಹ್ವಾಯ್, ಅಷ್ಟೆಲ್ಲ ಹುಡ್ಕುದ್ ಎಂತಕೆ? ಎಲ್ಲ ಮೊಬೈಲಂಗೇ ಇತ್ತಲೆ!” ಆಗಲಿ, ಹುಡುಕೋಣ. 1665ರಲ್ಲಿ ಶಿವಾಜಿ ಹಡಗಿನಲ್ಲಿ ಬಂದು ಸೂರೆ ಮಾಡಿದ ಬಂದರು ಬಸರೂರು. ಪೋರ್ಚುಗೀಸರ ಕಾಗದಗಳಲ್ಲಿ ‘ಬಸರೂರು’ ಎಂದು ಹುಡುಕಿದರೆ ಏನೂ ಸಿಗದು; ಅಲ್ಲಿ ಅದು ಬಾರ್ಸೆಲೋರ್. ಬಾರಕೂರು ಅವರಿಗೆ ಬಾಕನೋರ್. ನಮಗೆ ಎರಡೇ ಆದ ಊರು ಯಂತ್ರಕ್ಕೆ ನಾಲ್ಕು. ಯಕ್ಷಗಾನದ ತೀರ ಹಳೆಯ ಕೃತಿಗಳ ಸಾಲಿನಲ್ಲಿ ಹೆಸರು ಬರುವ ‘ವಿರಾಟಪರ್ವ’ದ ಕವಿ ಅಜಪುರದ ವಿಷ್ಣು. ಅಜಪುರವೆಂದರೆ ಈಗಿನ ಬ್ರಹ್ಮಾವರ ಎಂಬುದು ಗೊತ್ತಿಲ್ಲದವನು ಬ್ರಹ್ಮಾವರದಲ್ಲೇ ಮನೆ ಕಟ್ಟಿಕೊಂಡಿದ್ದರೂ ಆ ಕವಿಯನ್ನು ಕಾಣಲಾರ. ಬೈಂದೂರು ತಾಲ್ಲೂಕಾದದ್ದು 2018ರಲ್ಲಿ. ಅದಕ್ಕಿಂತ ಹಿಂದಿನದ್ದೆಲ್ಲ ಕುಂದಾಪುರ ತಾಲ್ಲೂಕಿನ ತಲೆಬರಹದ ಕೆಳಗೆ ಅಡಗಿದೆ. ಆ ಕುಂದಾಪುರವೋ, ಇಂಗ್ಲಿಷರ ಕೈಯಲ್ಲಿ ಕೂಂಡಾಪೂರ್. 1862ರಲ್ಲಿ ಉತ್ತರ ಕೆನರಾ ಮುಂಬೈ ಪ್ರಾಂತ್ಯಕ್ಕೆ ಹೋದಾಗ ಕುಂದಾಪುರ ದಕ್ಷಿಣ ಕೆನರಾಕ್ಕೆ ಸೇರಿ ಮದ್ರಾಸಿನ ಕೆಳಗೇ ಉಳಿಯಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಉಡುಪಿ ಜಿಲ್ಲೆಗೆ ಸೇರಿತು. ಊರು ಇದ್ದಲ್ಲೇ ಇದೆ. ಅದರ ಕಾಗದಗಳು ಮಾತ್ರ ದೇಶಾಂತರ ಹೋಗಿವೆ.

ಸ್ಟರಕ್ 1894ರಲ್ಲಿ ಬರೆದ ದಕ್ಷಿಣ ಕೆನರಾ ಕೈಪಿಡಿ ಅಂತರ್ಜಾಲದಲ್ಲಿ ಇದೆಯಲ್ಲ ಎನ್ನುತ್ತೀರಿ. ಇದೆ. 1801ರಲ್ಲಿ ಈ ದಾರಿಯಾಗಿ ಹೋದ ಬುಕಾನನ್‌ನ ಪ್ರವಾಸಕಥನ, 1807ರಲ್ಲಿ ಅಚ್ಚಾದ ಮೂರೂ ಸಂಪುಟ, ಅದೂ ಇದೆ. ನನ್ನ ಪ್ರಶ್ನೆ ಬೇರೆ: ಬೈಂದೂರಿನ ಬಗ್ಗೆ ಬರೆಯಲು ಹೊರಟ ಹುಡುಗಿಗೆ ‘ಸ್ಟರಕ್‌ನನ್ನು ನೋಡು, ಕೂಂಡಾಪೂರ್ ಎಂದು ಹುಡುಕು’ ಎಂದು ಹೇಳುವವರು ಯಾರು? ಹುಡುಕುವ ಪೆಟ್ಟಿಗೆ ಬಹಳ ವಿಧೇಯ ಆಳು. ಹೆಸರು ಹಿಡಿದು ಕರೆದವರನ್ನಷ್ಟೇ ಕರೆತರುತ್ತದೆ. ಸಂಶೋಧನೆ ಶುರುವಾಗುವುದೋ, ಹೆಸರೇ ಗೊತ್ತಿಲ್ಲದ ಜಾಗದಲ್ಲಿ. ಆ ಹೆಸರು ಅವಳಿಗೆ ಸಿಗುವುದು ಗುರುರಾಜ ಭಟ್ಟರ 1975ರ ತುಳುವ ಇತಿಹಾಸದ ಅಡಿಟಿಪ್ಪಣಿಯಲ್ಲಿ, ಕೆ.ವಿ. ರಮೇಶರ 1970ರ ದಕ್ಷಿಣ ಕನ್ನಡ ಇತಿಹಾಸದ ಅಡಿಟಿಪ್ಪಣಿಯಲ್ಲಿ. ಈ ಎರಡು ಪುಸ್ತಕಗಳು ಎಲ್ಲಿವೆ? ನೀವು ತೆರವು ಮಾಡಲಿರುವ ಕೋಣೆಯ ಎರಡನೆಯ ಕಪಾಟಿನಲ್ಲಿ.

ಎರಡನೆಯ ಅಪ್ಪಣೆ: “ಕೇಂದ್ರ ಸರಕಾರವೇ ಜಗತ್ತಿನ ನಿಯತಕಾಲಿಕೆಗಳನ್ನೆಲ್ಲ ಖರೀದಿಸಿ ಕೊಟ್ಟಿರುವಾಗ ಸ್ಥಳೀಯ ಸಂಗ್ರಹ ಅನಗತ್ಯ.” ಇಲ್ಲಿ ಹೇಳುತ್ತಿರುವುದು ‘ಒಂದು ದೇಶ, ಒಂದು ಚಂದಾ’ ಯೋಜನೆಯನ್ನು. 2024ರ ನವೆಂಬರಿನಲ್ಲಿ ಸಂಪುಟ ಒಪ್ಪಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ನಿಯತಕಾಲಿಕೆಗಳು. ಒಳ್ಳೆಯ ಕೆಲಸ, ರಸಾಯನಶಾಸ್ತ್ರದ ಅಧ್ಯಾಪಕರಿಗೆ ಹಬ್ಬ. ಆದರೆ ಎರಡು ಸಂಗತಿಗಳನ್ನು ಟಿಪ್ಪಣಿ ನುಂಗಿಕೊಂಡಿದೆ. ಮೊದಲನೆಯದು, ಆ ಯೋಜನೆ ರೂಪುಗೊಂಡದ್ದು ಕೇಂದ್ರ ಮತ್ತು ರಾಜ್ಯ ಸರಕಾರಗಳು ನಡೆಸುವ ಸಂಸ್ಥೆಗಳಿಗಾಗಿ. ಟಿಪ್ಪಣಿ ಬರೆದದ್ದು ಖಾಸಗಿ ಆಡಳಿತ ಮಂಡಳಿಯ ಕಾಲೇಜು. ಮದುವೆ ಮನೆ ನೆಂಟರದ್ದು, ಊಟದ ಪಟ್ಟಿ ಇವರ ಕೈಯಲ್ಲಿ! ಎರಡನೆಯದು, ನಮ್ಮ ಕಡೆಯ ಚರಿತ್ರೆ ಅಚ್ಚಾಗುವುದು ಆ 13,000ದಲ್ಲಿ ಅಲ್ಲ. ಅದು ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆಗಳಲ್ಲಿ, ನಿವೃತ್ತ ಮೇಷ್ಟ್ರುಗಳಿಗೆ ಶಿಷ್ಯರು ತಂದ ಅಭಿನಂದನ ಗ್ರಂಥಗಳಲ್ಲಿ, ಶಾಲೆಯ ಶತಮಾನೋತ್ಸವದ ಹೊತ್ತಗೆಗಳಲ್ಲಿ ಅಚ್ಚಾಗುತ್ತದೆ. ಮುನ್ನೂರು ಪ್ರತಿ ಮುದ್ರಿಸಿ, ಇನ್ನೂರನ್ನು ವೇದಿಕೆಯ ಮೇಲಿದ್ದವರಿಗೆ ಹಂಚಿ, ಉಳಿದದ್ದನ್ನು ಒರಲೆಗೆ ಬಿಟ್ಟ ಸಂಚಿಕೆಗಳವು. ಜಾಹೀರಾತುಗಳ ನಡುವೆ, ಅಕ್ಕಿ ಗಿರಣಿಯ ಶುಭಾಶಯ ಮತ್ತು ಹಂಚಿನ ಕಾರ್ಖಾನೆಯ ಶುಭಾಶಯಗಳ ಮಧ್ಯದ ಎಂಟು ಪುಟದಲ್ಲಿ, ಊರಿನ ಕಲ್ಲು, ಕೆರೆ, ಉಂಬಳಿಯ ವಿಚಾರ ಇರುತ್ತದೆ. ಅದನ್ನು ಯಾವ ವಿದೇಶಿ ಪ್ರಕಾಶಕನೂ ಮಾರುವುದಿಲ್ಲ. ಆದ್ದರಿಂದ ಯಾವ ಸರಕಾರವೂ ಕೊಳ್ಳಲಾರದು.

ಮೂರನೆಯ ಅಪ್ಪಣೆಯಲ್ಲಿ ಪಾಂಡಿತ್ಯದ ವಾಸನೆ ಇದೆ: “ಕರ್ನಾಟಕದ ಶಾಸನಗಳೆಲ್ಲವೂ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಪ್ರಕಟವಾಗಿ, ಅವು ಗಣಕೀಕೃತವಾಗಿರುವುದರಿಂದ ಇತರ ಶಾಸನ ಸಂಪುಟಗಳನ್ನು ವಿಲೇ ಮಾಡಬಹುದು.” ‘ಎಲ್ಲವೂ’ ಎಂಬ ಪದವನ್ನು ಬರೆಯುವ ಮೊದಲು ಒಂದು ಸಂಪುಟವನ್ನಾದರೂ ತೆರೆಯಬೇಕಿತ್ತು. ಬಿ.ಎಲ್. ರೈಸ್ 1886ರಿಂದ ಹೊರತಂದ ಆ ಮಾಲಿಕೆ ಮೈಸೂರು ಸಂಸ್ಥಾನ ಮತ್ತು ಕೊಡಗಿನದು. ಆಗ ಬಾರಕೂರು ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆಳುಪರು ರಾಜಧಾನಿ ಮಾಡಿಕೊಂಡಿದ್ದ, ವಿಜಯನಗರದ ಕಾಲದಲ್ಲಿ ಒಂದು ರಾಜ್ಯಕ್ಕೇ ಹೆಸರು ಕೊಟ್ಟ ಬಾರಕೂರಿನ ಕಲ್ಲುಗಳನ್ನು ರೈಸ್ ಸಾಹೇಬರ ಪುಸ್ತಕದಲ್ಲಿ ಹುಡುಕುವುದು, ಗಂಗೊಳ್ಳಿಯ ಮೀನನ್ನು ಶಿವಮೊಗ್ಗದ ಕೆರೆಯಲ್ಲಿ ಹುಡುಕಿದಂತೆ. ಅವು ಇರುವುದು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲಿಕೆಯಲ್ಲಿ, ಮುಖ್ಯವಾಗಿ 1932ರ ಏಳನೆಯ ಸಂಪುಟದಲ್ಲಿ. ಅದೂ ಬಾರಕೂರು ಈಗಿರುವ ಬ್ರಹ್ಮಾವರ ತಾಲ್ಲೂಕಿನ ತಲೆಬರಹದಲ್ಲಲ್ಲ, ಉಡುಪಿ ತಾಲ್ಲೂಕಿನ ಕೆಳಗೆ. ರೈಸ್ ಅನುವಾದವನ್ನೂ ಕೊಟ್ಟರು. ಈ ಸಂಪುಟದಲ್ಲಿ ಬರೀ ಪಾಠ. ಓದಲು ಹಳಗನ್ನಡ ಬಲ್ಲವರು ಪಕ್ಕದಲ್ಲಿ ಬೇಕು, ಅನುಮಾನ ಬಂದರೆ ಮೈಸೂರಿನ ಶಾಸನ ಇಲಾಖೆಯಲ್ಲಿರುವ ಅಚ್ಚೊತ್ತು ಪ್ರತಿಗೆ ಹೋಗಬೇಕು. ವಿಲೇವಾರಿಯ ಪಟ್ಟಿಯಲ್ಲಿ ಮೊದಲ ಹೆಸರು ಯಾವುದು ಗೊತ್ತೇ? ಈ ಏಳನೆಯ ಸಂಪುಟದ್ದೇ. ಬೇಡದ್ದನ್ನು ಆರಿಸುವುದರಲ್ಲಿ ಸಮಿತಿಗೆ ಇರುವ ನಿಖರತೆ ಮೆಚ್ಚತಕ್ಕದ್ದು.

ನಾಲ್ಕನೆಯ ಅಪ್ಪಣೆ ಅಂಕಿ ಅಂಶದ್ದು, ಆದ್ದರಿಂದ ಎಲ್ಲರೂ ತಲೆದೂಗುವಂಥದು: “ಕಳೆದ ಸಾಲಿನಲ್ಲಿ ಈ ಕೋಣೆಯಿಂದ ಒಂದೇ ಒಂದು ಪುಸ್ತಕವೂ ಎರವಲು ಹೋಗಿಲ್ಲ. ಸಂಶೋಧಕರು ಈ ಆಕರಗಳನ್ನು ಬಳಸುತ್ತಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.” ಓದುಗರು ದಯಮಾಡಿ ಆ ಕೋಣೆಯ ಯಾವುದಾದರೂ ಪುಸ್ತಕದ ಒಳಪುಟ ನೋಡಬೇಕು. ಅಲ್ಲಿ ಕೆಂಪು ಶಾಯಿಯ ಮೊಹರು ಇದೆ: ‘ಪರಾಮರ್ಶನಕ್ಕೆ ಮಾತ್ರ. ಹೊರಗೆ ಕೊಡತಕ್ಕದ್ದಲ್ಲ.’ ಆ ಮೊಹರನ್ನು ಒತ್ತಿದವನು ನಾನೇ, ಇದೇ ಕಾಲೇಜಿನ ಆಡಳಿತದ ಆದೇಶದ ಮೇರೆಗೆ. ಹೊರಗೆ ಕೊಡಬಾರದೆಂದು ನಿಯಮ ಮಾಡಿದವರೂ ಇವರೇ, ಹೊರಗೆ ಹೋಗಿಲ್ಲವೆಂದು ದೂರುವವರೂ ಇವರೇ. ಉಪವಾಸ ಕೂರಿಸಿ, ಊಟದ ಮೇಲೆ ಇವನಿಗೆ ಆಸಕ್ತಿಯಿಲ್ಲ ಎಂದು ವರದಿ ಬರೆದಂತಾಯಿತು.

ಸಂಶೋಧಕರು ನಿಜಕ್ಕೂ ಹೇಗೆ ಹುಡುಕುತ್ತಾರೆ ಎಂಬುದನ್ನು ನಾನು ಮೇಜಿನ ಹಿಂದಿನಿಂದ ಕಂಡಿದ್ದೇನೆ. ಬೈಂದೂರು ಕಡೆಯಿಂದ ಎರಡು ಬಸ್ಸು ಬದಲಿಸಿ ಬಂದ ಒಬ್ಬ ಹುಡುಗಿ ಒಂದು ಇಡೀ ಮಧ್ಯಾಹ್ನ ಒಂದೇ ಪುಸ್ತಕದ ಮುಂದೆ ಕೂತಳು. ಸಂಜೆ ಹೊರಡುವಾಗ ಅವಳ ಪುಸ್ತಕದಲ್ಲಿ ಬರೆದುಕೊಂಡದ್ದು ಒಂದೇ ಸಾಲು, ಒಂದು ಅಡಿಟಿಪ್ಪಣಿ. ಮುಂದಿನ ವಾರ ಆ ಸಾಲು ಹಿಡಿದುಕೊಂಡು ಬಂದಳು, ಇನ್ನೊಂದು ಪುಸ್ತಕ ಕೇಳಿದಳು. ಅದನ್ನು ತೆಗೆಯಲು ಹೋದಾಗ ಪಕ್ಕದಲ್ಲಿದ್ದ ಮೂರನೆಯದು ಕಣ್ಣಿಗೆ ಬಿತ್ತು. ಅವಳ ಪ್ರಬಂಧದ ಒಂದು ಅಧ್ಯಾಯ ಆ ಮೂರನೆಯದರಿಂದ ಹುಟ್ಟಿತು. ದಾಖಲೆ ಪುಸ್ತಕದಲ್ಲಿ ಇದು ಹೇಗೆ ನಮೂದಾಗಿದೆ? ‘ಓದು – 1’. ಇದು ನಮ್ಮೂರ ಹುಡುಗಿಯ ವಿಚಿತ್ರ ಅಭ್ಯಾಸ ಎಂದು ತಿಳಿಯಬೇಡಿ. 1989ರಲ್ಲಿ ಡೇವಿಡ್ ಎಲ್ಲಿಸ್ ಎಂಬ ವಿದ್ವಾಂಸರು ಸಂಶೋಧಕರ ನಡೆಯನ್ನು ಬಿಡಿಸಿ ತೋರಿಸಿದಾಗ, ಒಂದು ಉಲ್ಲೇಖದ ಬಾಲ ಹಿಡಿದು ಇನ್ನೊಂದಕ್ಕೆ ಹೋಗುವುದು ಮತ್ತು ಕಪಾಟಿನ ಮುಂದೆ ಸುಮ್ಮನೆ ಕಣ್ಣಾಡಿಸುವುದು ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟು ಜಾಗ ಕೊಟ್ಟರು. ಅದೇ ವರ್ಷ ಮಾರ್ಸಿಯಾ ಬೇಟ್ಸ್ ಎಂಬವರು ಈ ಹುಡುಕಾಟವನ್ನು ಪೊದೆಯಿಂದ ಪೊದೆಗೆ ಹೋಗಿ ಹಣ್ಣು ಬಿಡಿಸುವುದಕ್ಕೆ ಹೋಲಿಸಿದರು. ಹಾಡಿಯಲ್ಲಿ ಕೇಪಳದ ಹಣ್ಣು ಹೆಕ್ಕಿದ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ: ಒಂದು ಪೊದೆಯಲ್ಲಿ ನಾಲ್ಕು, ಇನ್ನೊಂದರಲ್ಲಿ ಎರಡು, ಮತ್ತೆ ಹೊರಟ ದಿಕ್ಕೇ ಬೇರೆ. ಮಕ್ಕಳು ಬುಟ್ಟಿ ತುಂಬಿಸಿಕೊಂಡು ಬರಲಿಲ್ಲವಾದ್ದರಿಂದ ಹಾಡಿ ಕಡಿಯೋಣ ಎಂಬುದು ಟಿಪ್ಪಣಿಯ ತರ್ಕ. ಓದುಗರ ಸಮಯ ಉಳಿಸಿ ಎಂದು ಗ್ರಂಥಾಲಯಶಾಸ್ತ್ರದ ರಂಗನಾಥನ್ 1931ರಲ್ಲೇ ಸೂತ್ರ ಬರೆದರು. ಎಣಿಸಲಾಗದ್ದು ನಡೆದೇ ಇಲ್ಲ ಎಂದು ಅವರ ಐದು ಸೂತ್ರಗಳಲ್ಲಿ ಎಲ್ಲೂ ಇಲ್ಲ.

ಐದನೆಯ ಅಪ್ಪಣೆ ಮೂಲೆಯ ಪೆಟ್ಟಿಗೆಯಲ್ಲಿರುವ ಕ್ಯಾಸೆಟ್‌ಗಳ ಬಗ್ಗೆ. ಹಿಂದಿನ ಅಧ್ಯಾಪಕರು, ವಿದ್ಯಾರ್ಥಿಗಳು ಊರೂರು ತಿರುಗಿ ಹಿರಿಯರ ಮಾತು ಹಿಡಿದಿಟ್ಟದ್ದು. “ಮೌಖಿಕ ಹೇಳಿಕೆಗಳು ಆಕರಗಳಲ್ಲ, ಮುದ್ರಿತ ಗ್ರಂಥಗಳೇ ಪ್ರಮಾಣ.” ಸರಿ, ಮುದ್ರಿತ ಪ್ರಮಾಣವನ್ನೇ ನೋಡೋಣ. ಬಾರಕೂರಿನ ಭೂತಾಳ ಪಾಂಡ್ಯನ ಕಥೆ ಎಲ್ಲರಿಗೂ ಗೊತ್ತು: ಹಡಗು ನೀರಿಗಿಳಿಸಲು ಕುಂಡೋದರನೆಂಬ ಭೂತ ನರಬಲಿ ಕೇಳಿದ್ದು, ಹಡಗಿನ ಒಡೆಯನ ಹೆಂಡತಿ ಮಕ್ಕಳನ್ನು ಕೊಡಲೊಪ್ಪದಿದ್ದದ್ದು, ತಂಗಿ ತನ್ನ ಮಗನನ್ನು ಕೊಡಲು ಮುಂದಾದದ್ದು, ಅಲ್ಲಿಂದ ಅಳಿಯಸಂತಾನ ಬಂದದ್ದು. ಈ ಅರಸನ ಕಾಲ ಕ್ರಿ.ಶ. 77 ಎಂದು ಹಿಂದೆಮುಂದೆ ನೋಡದೆ ಬರೆಯುವವರಿದ್ದಾರೆ. ಅವರಿಗೆ ಆ ವಿಶ್ವಾಸ ಎಲ್ಲಿಂದ ಬಂತು? ಇಂಗ್ಲಿಷ್ ಪುಸ್ತಕದಲ್ಲಿದೆ ಎಂಬುದರಿಂದ. ಥರ್ಸ್ಟನ್ 1909ರಲ್ಲಿ ಏಳು ಸಂಪುಟಗಳಲ್ಲಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಬಗ್ಗೆ ಬರೆದು ಪ್ರಕಟಿಸಿದಾಗ ಈ ಕಥೆಯೂ ಅಲ್ಲಿ ಸೇರಿತು. ಆ ಪುಸ್ತಕಕ್ಕೆ ಇಂಥ ಕಥೆಗಳು ಬಂದದ್ದು ಎಲ್ಲಿಂದ? ಯಾರದೋ ಅಜ್ಜನ, ಅಜ್ಜಿಯ ಬಾಯಿಂದಲೇ. ಅಂದರೆ ಅಜ್ಜಿ ನೇರವಾಗಿ ಹೇಳಿದರೆ ಕಟ್ಟುಕಥೆ. ಅದೇ ಅಜ್ಜಿಯ ಮಾತು ದುಭಾಷಿಯ ಕಿವಿ, ಗುಮಾಸ್ತನ ಲೇಖನಿ, ಸಾಹೇಬನ ಇಂಗ್ಲಿಷು ಮೂರನ್ನೂ ದಾಟಿ ಸವೆದು ಬಂದರೆ ಪ್ರಮಾಣ! ಯಾವ ತಕ್ಕಡಿಯಲ್ಲಿ ತೂಗಿದರೂ ಇದು ನಿಲ್ಲುವುದಿಲ್ಲ.

ಮೌಖಿಕ ಆಕರದಲ್ಲಿ ತಪ್ಪಾಗುವುದಿಲ್ಲವೇ ಎಂದರೆ, ಆಗುತ್ತದೆ. ಆದರೆ ಎಷ್ಟೋ ಸಲ ತಪ್ಪು ಹೇಳಿದವರದ್ದಲ್ಲ, ಕೇಳಿದವರದ್ದು. ಘಟ್ಟದ ಮೇಲಿನಿಂದ ಬಂದ ವಿದ್ಯಾರ್ಥಿಯೊಬ್ಬ ಒಂದು ಕ್ಯಾಸೆಟ್ ಕೇಳಿ ಬರೆದಿಟ್ಟ ಹಾಳೆ ನನ್ನ ಕಣ್ಣಿಗೆ ಬಿದ್ದಿತ್ತು. ಅಜ್ಜಿ ಹೇಳಿದ್ದು, “ನಮ್ಮನಿ ಹಿಂದೆ ಬರ್ದ್ ಕಲ್ಲ್ ಇತ್ತ್.” ಅವನು ಬರೆದದ್ದು, “ಹಿಂದೆ ಇವರ ಮನೆಯಲ್ಲಿ ಶಾಸನದ ಕಲ್ಲು ಇತ್ತು, ಈಗ ಇಲ್ಲ.” ಕುಂದಾಪ್ರ ಕನ್ನಡದಲ್ಲಿ ‘ಇತ್ತ್’ ಎಂದರೆ ‘ಇದೆ’. ಇದ್ದು ಹೋದದ್ದಕ್ಕೆ ‘ಇದ್ದಿತ್ತ್’ ಎನ್ನುತ್ತೇವೆ. ‘ಹಿಂದೆ’ ಎಂದದ್ದು ಹಿತ್ತಿಲನ್ನು. ಕಲ್ಲು ಅಲ್ಲೇ ಬಚ್ಚಲ ನೀರು ಬೀಳುವಲ್ಲಿ ಬಟ್ಟೆ ಒಗೆಯಲು ಒದಗಿಕೊಂಡು ಕೂತಿತ್ತು. ಒಂದು ಕ್ರಿಯಾಪದ ತಿಳಿಯದೆ ಒಂದು ಕಲ್ಲು ಚರಿತ್ರೆಯಿಂದ ಕಾಣೆಯಾಯಿತು. ಆ ತಪ್ಪು ಗೊತ್ತಾದದ್ದು ಹೇಗೆ? ಕ್ಯಾಸೆಟ್ ಇದ್ದದ್ದರಿಂದ, ಇನ್ನೊಮ್ಮೆ ಹಾಕಿ ಕೇಳಿದ್ದರಿಂದ. ಹಾಳೆ ಮಾತ್ರ ಉಳಿದಿದ್ದರೆ, ಟಿಪ್ಪಣಿಯವರ ಪ್ರಕಾರ, ಅದೇ ಪ್ರಮಾಣ.

ಆರನೆಯ ಅಪ್ಪಣೆ: “ಪ್ರಬಂಧಗಳ ಕೊನೆಯಲ್ಲಿ ವಿಸ್ತಾರವಾದ ಗ್ರಂಥಋಣವಿದೆ, ಕೃತಿಚೌರ್ಯ ತಪಾಸಣೆಯಲ್ಲೂ ತೇರ್ಗಡೆಯಾಗಿವೆ. ಆದ್ದರಿಂದ ಆಕರ ಬಳಕೆಯ ಗುಣಮಟ್ಟದ ಬಗ್ಗೆ ಆತಂಕ ಅನಗತ್ಯ.” ಯುಜಿಸಿಯ 2018ರ ನಿಯಮಾವಳಿಯನ್ನು ಇವರು ಹೆಮ್ಮೆಯಿಂದ ಉಲ್ಲೇಖಿಸುತ್ತಾರೆ, ಓದಿದ್ದರೆ ಉಲ್ಲೇಖಿಸುತ್ತಿರಲಿಲ್ಲ. ಹೋಲಿಕೆ ನೂರಕ್ಕೆ ಹತ್ತರೊಳಗಿದ್ದರೆ ದಂಡವಿಲ್ಲ ಎನ್ನುವ ಆ ನಿಯಮ, ಗ್ರಂಥಋಣ ಮತ್ತು ಉಲ್ಲೇಖಗಳ ಪಟ್ಟಿಯನ್ನು ತಪಾಸಣೆಯಿಂದ ಹೊರಗಿಡಬೇಕು ಎಂದೂ ಹೇಳುತ್ತದೆ. ಅಂದರೆ ಯಾವ ಪಟ್ಟಿಯನ್ನು ಇವರು ಸಾಕ್ಷಿಯಾಗಿ ಎತ್ತಿ ಹಿಡಿಯುತ್ತಿದ್ದಾರೋ, ಅದನ್ನೇ ಯಂತ್ರ ಮುಟ್ಟುವುದಿಲ್ಲ. ಅದು ನೋಡುವುದು ವಾಕ್ಯ ಕದ್ದಿದ್ದಾರೆಯೇ ಎಂದು. ಪುಸ್ತಕ ತೆರೆದಿದ್ದಾರೆಯೇ ಎಂದಲ್ಲ. ಇನ್ನು ಕೇಳಿದ್ದಕ್ಕೆಲ್ಲ ಉತ್ತರ ಬರೆದುಕೊಡುವ ಹೊಸ ಯಂತ್ರಗಳ ಮಾತು. ಹಳೆಯ ಕಾಗುಣಿತ ಸೂಚಿಸಲು, ಎಲ್ಲಿ ಹುಡುಕಬೇಕೆಂದು ದಿಕ್ಕು ತೋರಲು ಅವು ಒದಗುತ್ತವೆ, ಒಪ್ಪಿದೆ. ಆದರೆ ‘ಗೊತ್ತಿಲ್ಲ’ ಎನ್ನಲು ನಾಲಿಗೆ ಹೊರಳದವರು ಮನುಷ್ಯರಲ್ಲಿದ್ದಂತೆ ಯಂತ್ರಗಳಲ್ಲೂ ಇದ್ದಾರೆ. ಇಲ್ಲದ ಪುಸ್ತಕಕ್ಕೂ ಪುಟಸಂಖ್ಯೆ ಕೊಟ್ಟುಬಿಡುತ್ತವೆ. ಅದನ್ನು ಹಿಡಿಯುವ ಉಪಾಯ ಒಂದೇ: ಸಂಪುಟ ತೆಗೆದು ಪುಟ ನೋಡುವುದು. ಸಂಪುಟ ವಿಲೇವಾರಿಯಾಗಿದ್ದರೆ, ಯಂತ್ರ ಹೇಳಿದ್ದೇ ವೇದ.

ಟಿಪ್ಪಣಿಯಲ್ಲಿಲ್ಲದ, ಆದರೆ ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸಿದ ಇನ್ನೊಂದು ಮಾತಿದೆ: “ಕೋಟದ ಕಾರಂತರು ಕಾಲೇಜನ್ನೇ ಬಿಟ್ಟು ಬಂದವರು. ಅವರಿಗೆ ಯಾವ ಪರಾಮರ್ಶನ ಕೋಣೆ ಇತ್ತು?” ಕಾರಂತರು ಬಿಟ್ಟದ್ದು ತರಗತಿಯನ್ನು, ಪುಸ್ತಕವನ್ನಲ್ಲ. ಮಕ್ಕಳಿಗೆ ‘ಬಾಲಪ್ರಪಂಚ’, ದೊಡ್ಡವರಿಗೆ ‘ವಿಜ್ಞಾನ ಪ್ರಪಂಚ’ ಬರೆದವರು ಅದನ್ನು ಕಡಲ ತೆರೆ ಎಣಿಸುತ್ತ ಬರೆದದ್ದಲ್ಲ. 1959ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ ‘ಯಕ್ಷಗಾನ ಬಯಲಾಟ’ದ ಹಿಂದೆ ಓಲೆಗರಿಗಳಿವೆ, ಭಾಗವತರ ಬಾಯಿಪಾಠವಿದೆ, ಬೆಳಗಿನವರೆಗೆ ನಿದ್ದೆಗೆಟ್ಟು ನೋಡಿದ ಆಟಗಳಿವೆ. ಅವರ ಹೆಸರು ಹೇಳಿ ಓಲೆಗರಿಯನ್ನೂ ಬಾಯಿಮಾತನ್ನೂ ಹೊರಗೆಸೆಯಲು ಹೊರಟವರು, ಕನಿಷ್ಠ ಅವರ ಹೆಸರನ್ನಾದರೂ ಬಿಟ್ಟು ಎಸೆಯಬಹುದಿತ್ತು.

ಕಡೆಯದಾಗಿ ಒಂದು ಸಣ್ಣ ಪತ್ತೇದಾರಿ. ಟಿಪ್ಪಣಿಗೆ ಘನತೆ ಬರಲೆಂದು ಪೀಠಿಕೆಯಲ್ಲಿ ನಮ್ಮ ಸೀಮೆಯ ಚರಿತ್ರೆಯ ಬಗ್ಗೆ ನಾಲ್ಕು ಸಾಲು ಹಾಕಿದ್ದಾರೆ. ಕೊನೆಗೆ ಒಂದು ಹಳೆಯ ಇಂಗ್ಲಿಷ್ ಗ್ರಂಥದ ಹೆಸರು, ಪುಟಸಂಖ್ಯೆ. ನನಗೆ ಆ ಪುಟ ಅಪರಿಚಿತವಾಗಿ ಕಂಡಿತು. ಗ್ರಂಥ ತೆಗೆದು ನೋಡಿದೆ. ಆ ಪುಟದಲ್ಲಿರುವುದು ಮಳೆಯ ಲೆಕ್ಕ. ಪುಟಸಂಖ್ಯೆಯ ಎರಡು ಅಂಕಿ ಅದಲುಬದಲಾಗಿದ್ದವು. ಇದೇ ಅದಲುಬದಲು ನಾನು ಹಿಂದೊಮ್ಮೆ ಕಂಡಿದ್ದೆ: ಒಂದು ದೇವಸ್ಥಾನದ ಸ್ಮರಣ ಸಂಚಿಕೆಯಲ್ಲಿ, ಅಚ್ಚಿನ ಮೊಳೆ ಜೋಡಿಸುವವರ ಕೈತಪ್ಪಿನಿಂದ ಆದದ್ದು. ಆ ನಾಲ್ಕು ಸಾಲು, ಆ ತಪ್ಪು ಪುಟ, ಎರಡೂ ಅಲ್ಲಿಂದಲೇ ಬಂದಿವೆ. ಸಂಚಿಕೆ ಅಂತರ್ಜಾಲದಲ್ಲಿಲ್ಲ, 13,000 ನಿಯತಕಾಲಿಕೆಗಳಲ್ಲೂ ಇಲ್ಲ. ನಾನು ಕಂಡ ಪ್ರತಿ ಇರುವುದು ಆ ಕೋಣೆಯಲ್ಲಿ, ಕಿಟಕಿ ಪಕ್ಕದ ಕಪಾಟಿನಲ್ಲಿ.

ಅಂದರೆ ಸಮಿತಿಯ ಯಾರೋ ಒಬ್ಬರು, ಈ ಕೋಣೆಯ ಆಕರಗಳನ್ನು ಯಾರೂ ಬಳಸುತ್ತಿಲ್ಲ ಎಂದು ಬರೆಯುವ ಮುಂಚೆ ಅಲ್ಲಿಗೆ ಬಂದು ಕೂತು ಆ ಸಂಚಿಕೆಯಿಂದ ಬರೆದುಕೊಂಡು ಹೋಗಿದ್ದಾರೆ. ದಾಖಲೆ ಪುಸ್ತಕದಲ್ಲಿ ಅವರ ಹೆಸರಿಲ್ಲ.